ಮದ್ದಿನ ಚೀಟಿಯ ಮೇಲಿನ ನಂಬರು

ಈ ತಿಂಗಳು ಬಂದ ಪತ್ರಗಳಲ್ಲಿ ಕಾಯಿಲೆಯ ಬಗ್ಗೆ ಕೇಳಿದವರಿಗಿಂತ ವೈದ್ಯರ ಬಗ್ಗೆ ಕೇಳಿದವರೇ ಹೆಚ್ಚು. ವೈದ್ಯಕೀಯ ಕಾಲೇಜುಗಳು ಇಷ್ಟು ಒತ್ತೊತ್ತಾಗಿರುವ ನಮ್ಮ ಕರಾವಳಿಯಲ್ಲಿಯೂ ‘ನನಗೆ ಮದ್ದು ಕೊಡುತ್ತಿರುವವರು ನಿಜವಾಗಿ ಡಾಕ್ಟರೇ?’ ಎಂದು ಜನ ಅಂಜುತ್ತ ಕೇಳಬೇಕಾಗಿದೆ. ಆದುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮನೆಯ ಹತ್ತಿರ ಆರು ತಿಂಗಳ ಹಿಂದೆ ಹೊಸ ಕ್ಲಿನಿಕ್ ತೆರೆದಿದೆ. ಅತ್ತೆಯವರ ಸಕ್ಕರೆ ಕಾಯಿಲೆಗೆ ಅಲ್ಲಿಂದಲೇ ಮದ್ದು ತರುತ್ತಿದ್ದೇವೆ. ಡಾಕ್ಟರು ಮಾತಿನಲ್ಲಿ ಒಳ್ಳೆಯವರು, ಆದರೆ ಎಲ್ಲಿ ಓದಿದವರೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ತಿಳಿದುಕೊಳ್ಳುವುದು ಹೇಗೆ? ನೇರವಾಗಿ ಕೇಳಿದರೆ ಅವರಿಗೆ ಬೇಸರವಾಗದೇ? – ಗೃಹಿಣಿ, ಕಾಪು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಬೇಸರವಾಗಬಾರದು, ಏಕೆಂದರೆ ನೀವು ಬಾಯಿಬಿಟ್ಟು ಕೇಳುವ ಮೊದಲೇ ಅದನ್ನು ತೋರಿಸಬೇಕಾದ ಹೊಣೆ ವೈದ್ಯರದ್ದು. ವೈದ್ಯರ ವೃತ್ತಿ ನಡಾವಳಿಗೆ ಸಂಬಂಧಿಸಿದ 2002ರ ನಿಯಮಗಳ ಪ್ರಕಾರ ಪ್ರತಿಯೊಬ್ಬ ಅಲೋಪಥಿ ವೈದ್ಯರೂ ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಕಾಣುವಂತೆ ಹಾಕಬೇಕು. ಮದ್ದಿನ ಚೀಟಿ, ಸರ್ಟಿಫಿಕೇಟು, ದುಡ್ಡಿನ ರಸೀದಿ ಇವುಗಳ ಮೇಲೂ ಅದು ಇರಬೇಕು. ನಾನು ಚೀಟಿ ಬರೆಯಲು ತೊಡಗಿದ ಕಾಲದಿಂದಲೂ ನನ್ನ ಹೆಸರಿನ ಕೆಳಗೆ ಆ ಸಂಖ್ಯೆ ಇದೆ, ಮತ್ತು ಇಷ್ಟು ವರ್ಷಗಳಲ್ಲಿ ಅದನ್ನು ಓದಿ ನೋಡಿದ ರೋಗಿಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಜನ ಅದನ್ನು ಓದಬೇಕೆಂಬುದೇ ನನ್ನ ಆಸೆ.

ಆ ಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅದರ ಬೆಲೆ ತಿಳಿಯುತ್ತದೆ. ಎಂಬಿಬಿಎಸ್ ವಿದ್ಯಾರ್ಥಿ ನಾಲ್ಕೂವರೆ ವರ್ಷ ಓದಿ, ಕೊನೆಯ ಪರೀಕ್ಷೆ ಪಾಸಾದ ಮೇಲೆ ಒಂದು ವರ್ಷ ಆಸ್ಪತ್ರೆಯ ಬೇರೆ ಬೇರೆ ವಿಭಾಗಗಳಲ್ಲಿ ಇಂಟರ್ನ್ ಆಗಿ ದುಡಿಯಬೇಕು. ಆ ಒಂದು ವರ್ಷಕ್ಕೆ ಅವರಿಗೆ ಸಿಗುವುದು ತಾತ್ಕಾಲಿಕ ನೋಂದಣಿ ಮಾತ್ರ. ಸ್ವಂತ ಕ್ಲಿನಿಕ್ ತೆರೆಯುವ ಅಧಿಕಾರ ಅದರಲ್ಲಿಲ್ಲ. ಇಂಟರ್ನ್‌ಶಿಪ್ ಮುಗಿಸಿ, ವಿಶ್ವವಿದ್ಯಾಲಯದ ಪದವಿಯೊಂದಿಗೆ ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ಅರ್ಜಿ ಹಾಕಿದ ಮೇಲೆ ಶಾಶ್ವತ ನೋಂದಣಿಯಾಗಿ, ಸಂಖ್ಯೆಯೊಂದು ಸಿಗುತ್ತದೆ. ಅಲ್ಲಿಂದ ಮುಂದೆ ಮಾತ್ರ ಅವರು ಸ್ವತಂತ್ರವಾಗಿ ಮದ್ದು ಬರೆಯಬಹುದು. ಪದವಿ ವಿದ್ಯೆಗೆ ಸಾಕ್ಷಿ, ನೋಂದಣಿ ಅಧಿಕಾರಕ್ಕೆ ಸಾಕ್ಷಿ. ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ ಪದವಿಪತ್ರವೊಂದನ್ನೇ ನೋಡಿ ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಇಲ್ಲಿ ನಮ್ಮ ಕಡೆಯವರಿಗೆ ಮಾತ್ರ ಆಗುವ ಒಂದು ಗೊಂದಲವಿದೆ. ಚೀಟಿಯ ಮೇಲೆ ‘ಕೆಎಂಸಿ ನಂ.’ ಎಂದು ಬರೆದು ಮುಂದೆ ಅಂಕಿಗಳಿರುತ್ತವೆ. ಮಂಗಳೂರು, ಉಡುಪಿಯವರಿಗೆ ಕೆಎಂಸಿ ಎಂದರೆ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಹಾಗಾಗಿ ‘ಇವರು ಮಣಿಪಾಲದಲ್ಲಿ ಓದಿದವರು’ ಎಂದು ತಿಳಿದುಕೊಂಡವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಚೀಟಿಯ ಮೇಲಿನ ಆ ಮೂರು ಅಕ್ಷರಗಳು ಕರ್ನಾಟಕ ಮೆಡಿಕಲ್ ಕೌನ್ಸಿಲ್ ಎಂಬುದರ ಸಂಕ್ಷಿಪ್ತ ರೂಪ. ಹುಬ್ಬಳ್ಳಿಯಲ್ಲಿ ಓದಿದವರ ಚೀಟಿಯಲ್ಲಿಯೂ ಕಲಬುರಗಿಯಲ್ಲಿ ಓದಿದವರ ಚೀಟಿಯಲ್ಲಿಯೂ ಅದೇ ಇರುತ್ತದೆ.

ಇನ್ನು ಹುಡುಕುವ ಬಗೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ‘ಇಂಡಿಯನ್ ಮೆಡಿಕಲ್ ರಿಜಿಸ್ಟರ್’ ಎಂಬ ಪುಟವಿದೆ. ಹಳೆಯ ಭಾರತೀಯ ವೈದ್ಯಕೀಯ ಪರಿಷತ್ತಿನ ಜಾಗದಲ್ಲಿ 2020ರ ಸೆಪ್ಟೆಂಬರಿನಿಂದ ಈ ಆಯೋಗ ಕೆಲಸ ಮಾಡುತ್ತಿದೆ. ಆ ಪುಟದಲ್ಲಿ ಹೆಸರಿನಿಂದಲೂ ಹುಡುಕಬಹುದು, ನೋಂದಣಿ ಸಂಖ್ಯೆಯಿಂದಲೂ ಹುಡುಕಬಹುದು. ನನ್ನ ಸಲಹೆ ಏನೆಂದರೆ ಸಂಖ್ಯೆಯಿಂದಲೇ ಹುಡುಕಿರಿ. ಶೆಟ್ಟಿ, ಭಟ್, ರಾವ್, ಪೈ, ಕಾಮತ್ ಎಂದು ಹುಡುಕಿದರೆ ಉದ್ದನೆಯ ಪಟ್ಟಿ ಬರುತ್ತದೆ. ಡಿಸೋಜ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಸಂಖ್ಯೆಯನ್ನೂ ರಾಜ್ಯದ ಕೌನ್ಸಿಲನ್ನೂ ಕೊಟ್ಟರೆ ವೈದ್ಯರ ಹೆಸರು, ತಂದೆಯ ಹೆಸರು, ನೋಂದಣಿಯಾದ ದಿನ, ಪದವಿ, ಪದವಿ ಪಡೆದ ವರ್ಷ, ವಿಶ್ವವಿದ್ಯಾಲಯ ಇವೆಲ್ಲ ತೆರೆದುಕೊಳ್ಳುತ್ತವೆ.

ಸಂಖ್ಯೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಬೇರೆ ಯಾರದೋ ನಿಜವಾದ ಸಂಖ್ಯೆಯನ್ನು ತನ್ನ ಚೀಟಿಯ ಮೇಲೆ ಅಚ್ಚುಹಾಕಿಸಿಕೊಳ್ಳುವುದು ಕಳ್ಳವೈದ್ಯನಿಗೆ ಬಲು ಸುಲಭ. ರಿಜಿಸ್ಟರಿನಲ್ಲಿ 1978ರಲ್ಲಿ ನೋಂದಣಿಯಾದವರೆಂದು ಇದ್ದು, ನಿಮ್ಮ ಮುಂದೆ ಕುಳಿತವರಿಗೆ ಮೂವತ್ತೈದು ವಯಸ್ಸಾಗಿದ್ದರೆ ಆ ಸಂಖ್ಯೆ ಅವರದ್ದಲ್ಲ. ಹೆಸರು, ವರ್ಷ, ಪದವಿ ಮೂರೂ ತಾಳೆಯಾಗಬೇಕು. ವಿಶ್ವವಿದ್ಯಾಲಯದ ಹೆಸರಿನಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಇರಲಿ: ಮಣಿಪಾಲದ ಕಾಲೇಜಿನಲ್ಲೇ ಓದಿದವರಲ್ಲಿ ಹಿರಿಯರ ಪದವಿ ಮೈಸೂರು ವಿಶ್ವವಿದ್ಯಾಲಯದ್ದಾಗಿರಬಹುದು, ಅವರಿಗಿಂತ ಕಿರಿಯರದು ಮಂಗಳೂರು ವಿಶ್ವವಿದ್ಯಾಲಯದ್ದು, ಈಗಿನವರದು ಮಣಿಪಾಲದ್ದೇ ಆಗಿರುತ್ತದೆ. ಕಾಲೇಜು ಒಂದೇ ಆದರೂ ಅದು ಸೇರಿದ್ದ ವಿಶ್ವವಿದ್ಯಾಲಯ ಕಾಲಕಾಲಕ್ಕೆ ಬದಲಾದುದರಿಂದ ಹೀಗಾಗಿದೆ.

ಕ್ಲಿನಿಕ್ಕಿಗೂ ಬೇರೆ ನೋಂದಣಿ ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಎಲ್ಲರೂ ಕೆಪಿಎಂಇ ಎಂದು ಕರೆಯುವ 2007ರ ಕಾನೂನಿನ ಪ್ರಕಾರ ಒಂದೇ ಕೋಣೆಯ ಕ್ಲಿನಿಕ್ಕಾದರೂ ಜಿಲ್ಲೆಯ ಪ್ರಾಧಿಕಾರದಲ್ಲಿ ನೋಂದಣಿಯಾಗಿ, ಆ ಪ್ರಮಾಣಪತ್ರವನ್ನು ಎದ್ದು ಕಾಣುವ ಜಾಗದಲ್ಲಿ ತೂಗುಹಾಕಿರಬೇಕು. ಮುಂದಿನ ಸಲ ಅತ್ತೆಯವರನ್ನು ಕರೆದುಕೊಂಡು ಹೋದಾಗ, ಸರದಿಗಾಗಿ ಬೆಂಚಿನ ಮೇಲೆ ಕಾಯುತ್ತಿರುವಾಗಲೇ ಗೋಡೆಯನ್ನು ಒಮ್ಮೆ ನೋಡಿರಿ. ಅಲ್ಲಿ ಏನೂ ಕಾಣದಿದ್ದರೆ ‘ವಿಮೆಯ ಕಾಗದಕ್ಕೆ ಬೇಕಿತ್ತು’ ಎಂದು ನೆಪ ಹೇಳುವ ಅಗತ್ಯವೂ ಇಲ್ಲ. ‘ಡಾಕ್ಟರೇ, ನಿಮ್ಮ ನೋಂದಣಿ ಸಂಖ್ಯೆ ಹೇಳುತ್ತೀರಾ?’ ಎಂದು ಕೇಳಿದರೆ ಸಾಕು.

ಪ್ರಶ್ನೆ: ನಮ್ಮ ಡಾಕ್ಟರರ ಹೆಸರನ್ನು ಕರ್ನಾಟಕದ ಪಟ್ಟಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಇಪ್ಪತ್ತು ವರ್ಷಗಳಿಂದ ನೋಡುತ್ತಿರುವವರು. ಈಗ ನಿದ್ದೆ ಬರುತ್ತಿಲ್ಲ. – ನಿವೃತ್ತ ಶಿಕ್ಷಕರು, ಉಳ್ಳಾಲ

ಉತ್ತರ: ಹೆಸರು ಸಿಗಲಿಲ್ಲ ಎಂಬಷ್ಟಕ್ಕೇ ಯಾರನ್ನೂ ನಕಲಿ ಎನ್ನಬೇಡಿರಿ. ತಲಪಾಡಿ ದಾಟಿದರೆ ಕೇರಳವಿರುವ ಊರು ನಿಮ್ಮದು. ಅಲ್ಲಿ ಓದಿ, ಅಲ್ಲಿಯೇ ಮೊದಲು ನೋಂದಣಿ ಮಾಡಿಸಿಕೊಂಡವರ ಹೆಸರು ಆ ರಾಜ್ಯದ ಪಟ್ಟಿಯಲ್ಲಿರುತ್ತದೆ. ರಾಷ್ಟ್ರೀಯ ರಿಜಿಸ್ಟರಿನಲ್ಲಿ ಹುಡುಕುವಾಗ ‘ತಿರುವಾಂಕೂರು ಕೊಚ್ಚಿನ್ ಮೆಡಿಕಲ್ ಕೌನ್ಸಿಲ್’ ಎಂಬ ಹಳೆಯ ಹೆಸರನ್ನು ಆರಿಸಿಕೊಳ್ಳಬೇಕು. ಹಾಗೆಯೇ ಮುಂಬಯಿಯಲ್ಲಿ ಓದಿ ಊರಿಗೆ ಮರಳಿದವರು ನಮ್ಮ ಎರಡೂ ಜಿಲ್ಲೆಗಳಲ್ಲಿ ಇದ್ದಾರೆ, ಅವರಿಗೆ ಮಹಾರಾಷ್ಟ್ರದ ಪಟ್ಟಿ ನೋಡಬೇಕು. ಬೇರೆ ರಾಜ್ಯದಲ್ಲಿ ನೋಂದಣಿಯಾದವರು ಇಲ್ಲಿ ನೆಲೆಸಿ ವೃತ್ತಿ ಮಾಡುವಾಗ ಕರ್ನಾಟಕದ ಕೌನ್ಸಿಲಿನಲ್ಲಿಯೂ ಹೆಸರು ದಾಖಲಿಸಿಕೊಳ್ಳಬೇಕಾದುದು ಸರಿಯಾದ ಕ್ರಮ. ಮದುವೆಯಾದ ಮೇಲೆ ಹೆಸರು ಬದಲಾಯಿಸಿಕೊಂಡ ವೈದ್ಯೆಯರು ತವರಿನ ಹೆಸರಿನಲ್ಲಿಯೇ ಉಳಿದಿರಬಹುದು. ರಾಜ್ಯದ ಕೌನ್ಸಿಲಿನಿಂದ ರಾಷ್ಟ್ರೀಯ ಪಟ್ಟಿಗೆ ಹೆಸರು ಸೇರುವುದು ತಡವಾಗುವುದೂ ಉಂಟು. ನಿಮ್ಮ ಹಳೆಯ ಚೀಟಿಯೊಂದನ್ನು ತೆಗೆದು, ಅದರ ಮೇಲಿರುವ ಸಂಖ್ಯೆಯಿಂದ ಇನ್ನೊಮ್ಮೆ ಹುಡುಕಿರಿ. ಇಪ್ಪತ್ತು ವರ್ಷಗಳ ಸಲಿಗೆ ಇರುವುದರಿಂದ ಅವರನ್ನೇ ಕೇಳಿದರೂ ಆದೀತು.

ಪ್ರಶ್ನೆ: ನಮ್ಮ ಊರಿನ ಡಾಕ್ಟರರ ಬೋರ್ಡಿನಲ್ಲಿ ಬಿಎಎಂಎಸ್ ಎಂದಿದೆ. ಆದರೆ ಜ್ವರಕ್ಕೆ ಇಂಜೆಕ್ಷನ್, ಆ್ಯಂಟಿಬಯಾಟಿಕ್ ಎಲ್ಲ ಕೊಡುತ್ತಾರೆ. ಇದು ಸರಿಯೇ? – ಕೃಷಿಕರು, ಬ್ರಹ್ಮಾವರ

ಉತ್ತರ: ಬಿಎಎಂಎಸ್ ಓದಿದವರು ನಕಲಿ ವೈದ್ಯರಲ್ಲ ಎಂಬುದನ್ನು ಮೊದಲು ಸ್ಪಷ್ಟವಾಗಿ ಹೇಳಬೇಕು. ಅವರು ಆಯುರ್ವೇದ ವೈದ್ಯರು. ಅವರ ಓದೂ ಇಂಟರ್ನ್‌ಶಿಪ್ಪೂ ಸೇರಿ ಐದೂವರೆ ವರ್ಷಗಳದ್ದೇ. ಉಡುಪಿಯ ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜು 1958ರಿಂದಲೂ ಇದೆ, ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ 1880ರಲ್ಲಿ ಹೋಮಿಯೋಪಥಿ ಔಷಧಾಲಯವಾಗಿಯೇ ಹುಟ್ಟಿಕೊಂಡಿತು; ಈ ಪದ್ಧತಿಗಳನ್ನು ಹಗುರವಾಗಿ ಕಾಣುವ ಕರಾವಳಿ ಇದಲ್ಲ. ಆದರೆ ಅವರ ಹೆಸರು ಇರುವುದು ಬೇರೆ ರಿಜಿಸ್ಟರಿನಲ್ಲಿ. ಆಯುರ್ವೇದ, ಯುನಾನಿ ವೈದ್ಯರಿಗೆ ರಾಜ್ಯದಲ್ಲಿ ಬೇರೆ ಮಂಡಳಿ, ಹೋಮಿಯೋಪಥಿಯವರಿಗೆ ಇನ್ನೊಂದು, ದಂತವೈದ್ಯರಿಗೆ ಮತ್ತೊಂದು. ಇಂಡಿಯನ್ ಮೆಡಿಕಲ್ ರಿಜಿಸ್ಟರಿನಲ್ಲಿ ಅವರು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ.

ಒಂದು ಪದ್ಧತಿಯಲ್ಲಿ ನೋಂದಣಿಯಾದವರು ಇನ್ನೊಂದು ಪದ್ಧತಿಯ ಮದ್ದು ಕೊಡಬಹುದೇ ಎಂಬುದಕ್ಕೆ ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ತೀರ್ಪೊಂದಿದೆ. ಹೋಮಿಯೋಪಥಿ ವೈದ್ಯರೊಬ್ಬರು ಜ್ವರದ ರೋಗಿಗೆ ಅಲೋಪಥಿ ಮದ್ದು ಕೊಟ್ಟು, ರೋಗಿ ತೀರಿಕೊಂಡ ಪ್ರಕರಣವದು. ತಾನು ಓದದ ಪದ್ಧತಿಯಲ್ಲಿ ಚಿಕಿತ್ಸೆ ಕೊಟ್ಟದ್ದೇ ನಿರ್ಲಕ್ಷ್ಯ ಎಂದು ನ್ಯಾಯಾಲಯ ಹೇಳಿತು. ಎರಡು ವರ್ಷಗಳ ಬಳಿಕ ಬಂದ ಇನ್ನೊಂದು ತೀರ್ಪು, ರಾಜ್ಯದ ಕಾನೂನೇ ಅನುಮತಿ ಕೊಟ್ಟಿದ್ದರೆ ಮಾತ್ರ ಆಯುರ್ವೇದದಂಥ ಪದ್ಧತಿಯವರು ಅಲೋಪಥಿ ಮದ್ದು ಬರೆಯಬಹುದೆಂದು ಗೆರೆ ಎಳೆಯಿತು. ಹಾಗಾಗಿ ‘ಈ ಇಂಜೆಕ್ಷನ್ ಯಾವುದು, ಇದನ್ನು ಬರೆಯುವ ಅಧಿಕಾರ ನಿಮಗೆ ಇದೆಯೇ?’ ಎಂದು ಕೇಳುವುದು ನಿಮ್ಮ ಹಕ್ಕು. ಆಯುರ್ವೇದಕ್ಕೆಂದು ಹೋದವರು ಆಯುರ್ವೇದವನ್ನೇ ಪಡೆಯಬೇಕು. ಪ್ರತಿ ಜ್ವರಕ್ಕೂ ಆ್ಯಂಟಿಬಯಾಟಿಕ್ ಬರೆಯುವ ಎಂಬಿಬಿಎಸ್ ವೈದ್ಯರೂ ತಪ್ಪು ಮಾಡುತ್ತಿದ್ದಾರೆ ಎಂಬ ಮಾತನ್ನು ನನ್ನವರ ಬಗ್ಗೆಯೂ ಸೇರಿಸಲೇಬೇಕು.

ಪ್ರಶ್ನೆ: ಹೆಸರಿನ ಮುಂದೆ ಒಂದು ಸಾಲು ತುಂಬ ಅಕ್ಷರಗಳಿರುತ್ತವೆ. ಯಾವುದನ್ನು ನಂಬಬೇಕು? – ಬ್ಯಾಂಕ್ ಉದ್ಯೋಗಿ, ಮಣಿಪಾಲ

ಉತ್ತರ: ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಓದಿದರೆ ಎಂಡಿ, ಎಂಎಸ್ ಅಥವಾ ಡಿಎನ್‌ಬಿ, ಹೃದಯ, ನರ, ಮೂತ್ರಪಿಂಡದಂಥ ಒಂದೇ ವಿಷಯದಲ್ಲಿ ಮತ್ತೆ ಮೂರು ವರ್ಷ ಓದಿದರೆ ಡಿಎಂ ಅಥವಾ ಎಂಸಿಎಚ್. ತಜ್ಞರೆಂದು ಹೇಳಿಕೊಳ್ಳುವವರಲ್ಲಿ ಮುಖ್ಯವಾಗಿ ನೋಡಬೇಕಾದುದು ಇವನ್ನೇ. ಈ ಪದವಿಗಳನ್ನು ಕೌನ್ಸಿಲಿನಲ್ಲಿ ಹೆಚ್ಚುವರಿ ಅರ್ಹತೆ ಎಂದು ದಾಖಲಿಸಿಕೊಳ್ಳುತ್ತಾರೆ. ಮೂರು ತಿಂಗಳ ಫೆಲೋಶಿಪ್, ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸು, ಯಾವುದೋ ಸಂಘದ ಸದಸ್ಯತ್ವ ಇವುಗಳಿಂದ ತಿಳಿವಳಿಕೆ ಹೆಚ್ಚೀತು, ಆದರೆ ಅವು ಯಾರನ್ನೂ ಹೃದಯ ತಜ್ಞರನ್ನಾಗಿ ಮಾಡುವುದಿಲ್ಲ. ‘ಎ.ಎಂ.’ ಎಂದು ಆವರಣದಲ್ಲಿ ಬರೆದ ಎಂಡಿ ಕಂಡರೆ ಎಚ್ಚರವಿರಲಿ. ಅದು ಹೆಚ್ಚಾಗಿ ‘ಆಲ್ಟರ್ನೇಟಿವ್ ಮೆಡಿಸಿನ್’ ಎಂಬುದರ ಸಂಕ್ಷೇಪ, ವೈದ್ಯಕೀಯ ಕೌನ್ಸಿಲ್ ಅದನ್ನು ಒಪ್ಪಿಕೊಂಡಿಲ್ಲ. ರಷ್ಯಾ, ಫಿಲಿಪ್ಪೀನ್ಸ್ ಮುಂತಾದ ದೇಶಗಳಲ್ಲಿ ಮೊದಲ ಪದವಿಯನ್ನೇ ಎಂಡಿ ಎಂದು ಕರೆಯುತ್ತಾರೆ, ಅದು ನಮ್ಮ ಎಂಬಿಬಿಎಸ್‌ಗೆ ಸಮ. ಅದನ್ನು ನಮ್ಮ ಎಂಡಿ ಎಂದು ಓದಿಕೊಂಡರೆ ಮೋಸಹೋದಂತೆ. ‘ಆರ್‌ಎಂಪಿ’ ಎಂಬುದರ ಮಾತಿನ ಅರ್ಥ ನೋಂದಾಯಿತ ವೈದ್ಯ ಎಂದೇ ಆದರೂ, ಅದೊಂದನ್ನೇ ಬರೆದುಕೊಂಡು ಕೆಳಗೆ ಸಂಖ್ಯೆ ಹಾಕದವರಲ್ಲಿ ಬಹುಪಾಲು ಎಲ್ಲಿಯೂ ನೋಂದಣಿಯಾಗಿರುವುದಿಲ್ಲ.

ಪ್ರಶ್ನೆ: ಅಕ್ಕನ ಮಗ ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದಿದ್ದಾನೆ. ಪರೀಕ್ಷೆ ಬಾಕಿ ಇದೆಯಂತೆ. ಅಷ್ಟರವರೆಗೆ ಪರಿಚಿತರ ಕ್ಲಿನಿಕ್ಕಿನಲ್ಲಿ ಕುಳಿತು ರೋಗಿಗಳನ್ನು ನೋಡಬಹುದೇ? – ಬಜ್ಪೆ

ಉತ್ತರ: ನೋಡಬಾರದು. ಹೊರದೇಶದಲ್ಲಿ ಎಂಬಿಬಿಎಸ್‌ಗೆ ಸಮನಾದ ಪದವಿ ಪಡೆದ ಭಾರತೀಯರು ಎಫ್‌ಎಂಜಿಇ ಎಂಬ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಪಡೆದು, ಇಲ್ಲಿ ಇಂಟರ್ನ್‌ಶಿಪ್ ಮುಗಿಸಿದ ಮೇಲೆಯೇ ಶಾಶ್ವತ ನೋಂದಣಿಗೆ ಅರ್ಹರಾಗುತ್ತಾರೆ. ಈ ಪರೀಕ್ಷೆ 2002ರಿಂದ ನಡೆಯುತ್ತಿದೆ, ವರ್ಷಕ್ಕೆ ಎರಡು ಸಲ. ಕಠಿಣವೆಂಬುದು ನಿಜ, ಎರಡು ಮೂರು ಸಲ ಬರೆದು ಪಾಸಾಗಿ ಒಳ್ಳೆಯ ವೈದ್ಯರಾದವರನ್ನು ನಾನು ಬಲ್ಲೆ. ಆದರೆ ನೋಂದಣಿ ಇಲ್ಲದೆ ಒಂದು ಚೀಟಿ ಬರೆದರೂ ಅದು ಅಪರಾಧ, ಮತ್ತು ಆ ಕಪ್ಪುಚುಕ್ಕೆ ಅವನ ಮುಂದಿನ ಬದುಕಿಗೆಲ್ಲ ಅಂಟಿಕೊಳ್ಳುತ್ತದೆ. ಕ್ಲಿನಿಕ್ಕಿನ ಒಡೆಯರಾದ ವೈದ್ಯರಿಗೂ ಅದರಿಂದ ತೊಂದರೆ ಇದೆ. ಹುಡುಗ ಮನೆಯಲ್ಲಿ ಕುಳಿತು ಓದಲಿ.

ಪ್ರಶ್ನೆ: ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ನಮ್ಮನ್ನು ನೋಡುವ ಹುಡುಗ ಹುಡುಗಿಯರು ಡಾಕ್ಟರೇ, ವಿದ್ಯಾರ್ಥಿಗಳೇ? – ಮಂಗಳೂರು

ಉತ್ತರ: ಮೂರು ಬಗೆಯವರಿರುತ್ತಾರೆ. ಎಂಬಿಬಿಎಸ್ ಓದುತ್ತಿರುವವರು ನಿಮ್ಮ ಒಪ್ಪಿಗೆಯಿಂದ ಪರೀಕ್ಷಿಸಿ ಕಲಿಯುತ್ತಾರಷ್ಟೆ, ಮದ್ದು ಬರೆಯುವುದಿಲ್ಲ. ಇಂಟರ್ನ್‌ಗಳು ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ. ಪಿ.ಜಿ. ಎಂದು ಕರೆಯುವವರು ಆಗಲೇ ನೋಂದಣಿಯಾದ ಪೂರ್ಣ ವೈದ್ಯರು, ತಜ್ಞರಾಗಲು ಓದುತ್ತಿರುವವರು. ಯಾರೆಂದು ಕೇಳಿದರೆ ಹೇಳುತ್ತಾರೆ.

ಪ್ರಶ್ನೆ: ನಮ್ಮ ಕಡೆ ಮುರಿದ ಮೂಳೆಗೆ, ಕಾಮಾಲೆಗೆ, ಸರ್ಪಸುತ್ತಿಗೆ ನಾಟಿ ಮದ್ದು ಕೊಡುವ ಮನೆತನಗಳಿವೆ. ಅವರಿಗೆ ಪರವಾನಗಿ ಬೇಕೇ? – ಕಾರ್ಕಳ

ಉತ್ತರ: ಪದವಿಯೂ ನೋಂದಣಿಯೂ ಇಲ್ಲದ ಪಾರಂಪರಿಕ ವೈದ್ಯರು ವೈದ್ಯವೃತ್ತಿ ನಡೆಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2018ರ ಏಪ್ರಿಲಿನಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಕಾನೂನಿನ ಮಾತು ಅಷ್ಟು. ದುಡ್ಡು ಮುಟ್ಟದೆ, ಹಿತ್ತಲಿನ ಬೇರು ತೇದು ಕೊಡುವ ಅಜ್ಜಿಯರ ಬಗ್ಗೆ ನನಗೆ ಗೌರವವಿದೆ. ನನ್ನ ಆತಂಕ ಬೇರೆ. ಕಾಮಾಲೆ ಎಂಬುದು ಒಂದು ಲಕ್ಷಣ. ಅದರ ಹಿಂದೆ ತಾನಾಗಿಯೇ ವಾಸಿಯಾಗುವ ಸೋಂಕೂ ಇರಬಹುದು, ಪಿತ್ತನಾಳವನ್ನು ಕಟ್ಟಿಹಾಕಿದ ಕಲ್ಲೋ ಗಡ್ಡೆಯೋ ಇರಬಹುದು, ಇಲಿಜ್ವರವೂ ಇರಬಹುದು. ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ ಕಣ್ಣು ಹಳದಿಯಾದರೆ ಮೊದಲು ರಕ್ತಪರೀಕ್ಷೆ ಮಾಡಿಸಿರಿ. ಮೂಳೆ ಮುರಿದಲ್ಲಿ ಬಿಗಿಯಾಗಿ ಕಟ್ಟಿದ ಪಟ್ಟಿಯ ಕೆಳಗೆ ಬೆರಳುಗಳು ತಣ್ಣಗಾಗಿ ನೀಲಿಗಟ್ಟಿದರೆ ಬೆಳಗಾಗುವವರೆಗೂ ಕಾಯಬೇಡಿರಿ.

ಪ್ರಶ್ನೆ: ನಕಲಿ ಎಂದು ಖಾತ್ರಿಯಾದರೆ ದೂರು ಕೊಡುವುದು ಎಲ್ಲಿ? – ಕುಂದಾಪುರ

ಉತ್ತರ: ಇದಕ್ಕೆ ಉತ್ತರಿಸುವ ಮೊದಲು ಒಂದು ಘಟನೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮೀನುಗಾರಿಕೆಯಲ್ಲಿ ದುಡಿಯುತ್ತಿದ್ದ ಒಬ್ಬರು ನನ್ನಲ್ಲಿಗೆ ಬಂದರು. ಮೊಣಕಾಲು ನೋವಿಗೆ ಒಂದು ಕಡೆ ಹದಿನೈದು ದಿನಕ್ಕೊಮ್ಮೆ ‘ನೋವಿನ ಸೂಜಿ’ ಹಾಕಿಸಿಕೊಳ್ಳುತ್ತಿದ್ದರಂತೆ. ಹಾಕಿಸಿಕೊಂಡ ಸಂಜೆಗೇ ನೋವು ಮಾಯ, ಆದ್ದರಿಂದ ಊರಿಗೆಲ್ಲ ಆ ಡಾಕ್ಟರರ ಕೈಗುಣದ ಹೊಗಳಿಕೆ. ಅವರ ಮುಖ ದುಂಡಗೆ ಊದಿತ್ತು, ಹೊಟ್ಟೆಯ ಮೇಲೆ ನೇರಳೆ ಗೆರೆಗಳು ಎದ್ದಿದ್ದವು, ಹಿಂದೆ ಇರದಿದ್ದ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ಇವೆಲ್ಲ ಸ್ಟೀರಾಯ್ಡ್ ಮಿತಿಮೀರಿದಾಗ ಕಾಣುವ ಗುರುತುಗಳು. ಅವರು ಮಡಚಿ ಇಟ್ಟುಕೊಂಡಿದ್ದ ಚೀಟಿಯನ್ನು ಬಿಡಿಸಿ ನೋಡಿದೆ. ಮೇಲೆ ದೇವರ ಚಿತ್ರವಿತ್ತು, ಕ್ಲಿನಿಕ್ಕಿನ ಹೆಸರಿತ್ತು, ಸಮಯವಿತ್ತು. ವೈದ್ಯರ ಪದವಿಯಾಗಲಿ ಸಂಖ್ಯೆಯಾಗಲಿ ಇರಲಿಲ್ಲ. ಕೊಟ್ಟ ಮದ್ದಿನ ಹೆಸರನ್ನೂ ಬರೆದಿರಲಿಲ್ಲ. ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಿದರೂ ಅಪಾಯವಿರುವುದರಿಂದ, ಎಷ್ಟು ಕೊಟ್ಟಿದ್ದರೆಂದು ತಿಳಿಯದೆ ನಾನು ಅಂದಾಜಿನ ಮೇಲೆ ತಿಂಗಳುಗಟ್ಟಲೆ ಇಳಿಸುತ್ತ ಬರಬೇಕಾಯಿತು. ದೂರು ಕೊಡೋಣವೆಂದರೆ ಅವರ ಕೈಯಲ್ಲಿ ಸಾಕ್ಷಿ ಎಂಬುದೇ ಉಳಿದಿರಲಿಲ್ಲ.

ಆದುದರಿಂದ ಮೊದಲ ಕೆಲಸ ಕಾಗದಗಳನ್ನು ಉಳಿಸಿಕೊಳ್ಳುವುದು. ಚೀಟಿ, ರಸೀದಿ, ಮದ್ದಿನ ಖಾಲಿ ಪಟ್ಟಿ, ಬೋರ್ಡಿನ ಫೋಟೋ, ಭೇಟಿ ಕೊಟ್ಟ ದಿನಾಂಕಗಳು ಇವೆಲ್ಲ ಜೋಪಾನವಾಗಿರಲಿ. ನೋಂದಣಿಯೇ ಇಲ್ಲದವರ ಮೇಲಿನ ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಬರಹದಲ್ಲಿ ಕೊಡಿರಿ. ಕೆಪಿಎಂಇ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿಗಳು ಸದಸ್ಯ ಕಾರ್ಯದರ್ಶಿಗಳು. ಪೊಲೀಸರಿಗೂ ದೂರು ಕೊಡಬಹುದು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಮಿನ ಪ್ರಕಾರ ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡಿದವರಿಗೆ ಒಂದು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಆಗಬಹುದು.

ವೈದ್ಯರು ನಿಜವಾದವರೇ ಆಗಿದ್ದು, ನಡತೆಯಲ್ಲಿಯೋ ಚಿಕಿತ್ಸೆಯಲ್ಲಿಯೋ ತಪ್ಪಿದ್ದಾರೆಂದು ನಿಮಗೆ ಅನಿಸಿದರೆ ಆ ದೂರು ಕರ್ನಾಟಕ ಮೆಡಿಕಲ್ ಕೌನ್ಸಿಲಿಗೆ ಹೋಗಬೇಕು. ಹೆಸರನ್ನು ರಿಜಿಸ್ಟರಿನಿಂದ ಕೆಲವು ಕಾಲಕ್ಕೆ ಅಥವಾ ಶಾಶ್ವತವಾಗಿ ತೆಗೆಯುವ ಅಧಿಕಾರ ಅದಕ್ಕಿದೆ. ಪರಿಹಾರ ಬೇಕಾದವರಿಗೆ ಗ್ರಾಹಕ ಆಯೋಗವಿದೆ, ಎರಡು ವರ್ಷಗಳ ಒಳಗೆ ಹೋಗಬೇಕು. ಇವೆಲ್ಲಕ್ಕೂ ಬೇಕಾಗುವ ಚಿಕಿತ್ಸೆಯ ದಾಖಲೆಗಳನ್ನು ನೀವು ಕೇಳಿದ 72 ಗಂಟೆಗಳ ಒಳಗೆ ವೈದ್ಯರು ಕೊಡಬೇಕೆಂದು ಅದೇ 2002ರ ನಿಯಮಗಳು ಹೇಳುತ್ತವೆ. ಬಾಯಿಮಾತಿನಲ್ಲಿ ಕೇಳಬೇಡಿ, ಪತ್ರ ಬರೆದು ಕೊಟ್ಟು ಅದರ ಪ್ರತಿಯ ಮೇಲೆ ‘ಸ್ವೀಕರಿಸಿದೆ’ ಎಂದು ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಿರಿ.